ಚಿಕ್ಕ ಪಿಸ್ತೂಲು ಕೈಕೊಟ್ಟರೆ ಎಲ್ಲಿ ಹುಡುಕಬೇಕು

ನಮ್ಮಲ್ಲಿ ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ಪಡೆದವರ ಹತ್ತಿರ ಇರುವ ಪಿಸ್ತೂಲು ಬಹುಪಾಲು .32 ಬೋರಿನದು (ಬೋರ್ ಅಂದರೆ ಬ್ಯಾರಲ್ ತೂತಿನ ಅಳತೆ, ಇಲ್ಲಿ ಇಂಚಿನ ಲೆಕ್ಕ). 9 ಎಂ.ಎಂ. ನಿಷೇಧಿತ ಬೋರ್, ಸಾಮಾನ್ಯ ಜನರಿಗೆ ಸಿಗುವುದಿಲ್ಲ. ಹೊಸದು ಬೇಕೆಂದರೆ ಆರ್ಡ್ನೆನ್ಸ್ ಫ್ಯಾಕ್ಟರಿಯ ಅಶನಿ ಇದೆ. ಈಚೆಗೆ ಒಂದೆರಡು ಖಾಸಗಿ ಕಂಪನಿಗಳೂ ಮಾಡುತ್ತಿವೆ. ಹಳೆಯದಾದರೆ ಅಜ್ಜನ ಕಾಲದಿಂದ ಬಂದ ವೆಬ್ಲಿ, ಕೋಲ್ಟ್, ವಾಲ್ಥರ್, ಬೆರೆಟಾ. ಅಲ್ಲೊಂದು ಇಲ್ಲೊಂದು .25 ಮತ್ತು .22 ಕೂಡ ಉಳಿದಿವೆ.

ಇವೆಲ್ಲದರ ಮೇಲೂ ಒಂದೇ ದೂರು: ಚಿಕ್ಕ ಪಿಸ್ತೂಲು, ಹೊತ್ತಿಗೆ ಆಗುವುದಿಲ್ಲ. ದೂರಿನಲ್ಲಿ ಅರ್ಧ ಸತ್ಯ ಇದೆ. ಸ್ಲೈಡ್, ಅಂದರೆ ಈಡಿನ ಹೊಡೆತಕ್ಕೆ ಹಿಂದೆ ಮುಂದೆ ಓಡುವ ಮೇಲ್ಭಾಗ, ಹಗುರ, ಅದು ಓಡುವ ದೂರ ಕಡಿಮೆ, ತೋಟಾದ ಬಲವೂ ಕಡಿಮೆ. ದೊಡ್ಡ ಪಿಸ್ತೂಲು ನುಂಗಿಕೊಂಡು ಹೋಗುವ ಕಸವನ್ನು ಇದು ನುಂಗುವುದಿಲ್ಲ. ಆದರೆ ಜಾಮ್ ಆದ ತಕ್ಷಣ ಪಿಸ್ತೂಲನ್ನೇ ಬೈಯುವುದು, ರ‍್ಯಾಂಪಿಗೆ (ತೋಟಾವನ್ನು ಬ್ಯಾರಲ್ ಕಡೆ ಹತ್ತಿಸುವ ಇಳಿಜಾರಿಗೆ) ಅರ ಹಾಕಿಸುವುದು, ಸ್ಪ್ರಿಂಗ್ ಕತ್ತರಿಸುವುದು ಇದೆಯಲ್ಲ, ಅಲ್ಲಿ ನನ್ನ ತಕರಾರು. ಸಾಮಾನ್ಯವಾಗಿ ತಪ್ಪು ಇರುವುದು ಮ್ಯಾಗಜಿನ್‌ನಲ್ಲಿ, ತೋಟಾದಲ್ಲಿ, ಇಲ್ಲವೇ ನಾವೇ ಸುರಿದ ಎಣ್ಣೆಯಲ್ಲಿ. ಅದೇ ಕ್ರಮದಲ್ಲಿ ಹುಡುಕಿ. ಲೋಹಕ್ಕೆ ಕೈ ಹಾಕುವುದು ಕಡೆಗೆ.

ಇಲ್ಲಿ ತೋಟಾ ಅಂದರೆ ಇಡೀ ಕಾಟ್ರಿಜ್. ಗುಂಡು ಅಂದರೆ ಮುಂದಿನ ತುದಿ ಮಾತ್ರ. ಕೇಸ್ ಅಂದರೆ ಅದರ ಹಿತ್ತಾಳೆ ಕೊಳವೆ. ಕೇಪು ಅಂದರೆ ಬುಡದಲ್ಲಿ ಪಿನ್ ಬಡಿಯುವ ಜಾಗ. ಮ್ಯಾಗಜಿನ್ ಅಂದರೆ ಹಿಡಿಯೊಳಗೆ ಕೂರುವ ತೋಟಾ ಡಬ್ಬಿ, ಚೇಂಬರ್ ಅಂದರೆ ಹಾರುವ ಮುಂಚೆ ತೋಟಾ ಕೂರುವ ಗೂಡು.

ಕೈ ಹಾಕುವ ಮುಂಚೆ

ಮೊದಲು ಮ್ಯಾಗಜಿನ್ ತೆಗೆಯಿರಿ. ಆಮೇಲೆ ಸ್ಲೈಡ್ ಎಳೆಯಿರಿ. ಈ ಕ್ರಮ ತಿರುಗುಮುರುಗಾದರೆ ಚೇಂಬರಿನಲ್ಲಿದ್ದ ತೋಟಾ ಹೊರಗೆ ಬೀಳುತ್ತದೆ, ಮ್ಯಾಗಜಿನ್‌ನಲ್ಲಿರುವ ಇನ್ನೊಂದು ಒಳಗೆ ಹೋಗಿ ಕೂರುತ್ತದೆ, ನೀವು ಖಾಲಿ ಅಂದುಕೊಳ್ಳುತ್ತೀರಿ. ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳಿಂದ ಮುಟ್ಟಿಯೂ ನೋಡಿ. ಟೇಬಲ್ ಮೇಲೆ ಕೆಲಸ ಮಾಡುವಾಗ ಜೀವಂತ ತೋಟಾ ಬೇರೆ ಕೋಣೆಯಲ್ಲಿರಲಿ. ಮ್ಯಾಗಜಿನ್ ಪರೀಕ್ಷೆಗೆ ಡಮ್ಮಿ, ಅಂದರೆ ಮದ್ದಿಲ್ಲದ ನಕಲಿ ತೋಟಾ ಬಳಸಿ.

ಈಡು ಹೊಡೆದು ನೋಡುವುದು ಶೂಟಿಂಗ್ ರೇಂಜಿನಲ್ಲಿ ಮಾತ್ರ. ತೋಟದ ಮೂಲೆಯಲ್ಲಿ ಒಂದು ಹಾರಿಸಿ ನೋಡೋಣ ಅನ್ನುವ ಚಾಳಿ ಬೇಡ. ಹಬ್ಬ, ಮದುವೆ ಅಂತ ಬೇರೆಯವರ ಜೀವಕ್ಕೆ ಅಪಾಯ ಆಗುವಂತೆ ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ರಿಪೇರಿಯನ್ನೂ ಲೈಸೆನ್ಸ್ ಇರುವ ಗನ್‌ಸ್ಮಿತ್ ಮಾತ್ರ ಮಾಡಬಹುದು. ಲೇತ್ ಇಟ್ಟುಕೊಂಡ ಪರಿಚಯದವರು ಎಷ್ಟೇ ಕುಶಲಿಗಳಾದರೂ ಅವರ ಕೈಗೆ ಕೊಡುವಂತಿಲ್ಲ.

ಇನ್ನೊಂದು. ನಮ್ಮ ಅಂಗಡಿಗಳಲ್ಲಿ .32 ಅಂದರೆ ಎರಡು ಬೇರೆ ತೋಟಾ. ಪಿಸ್ತೂಲಿನದು ಗಿಡ್ಡ, ಕೇಸ್ ಸುಮಾರು 17 ಮಿ.ಮೀ. ರಿವಾಲ್ವರಿನದು ಉದ್ದ, ಕೇಸ್ ಸುಮಾರು 23 ಮಿ.ಮೀ., ಬುಡದಲ್ಲಿ ಅಗಲವಾದ ಅಂಚು. ಒಂದೇ ಹೆಸರು ಇದ್ದರೂ ಅದರದು ಇದಕ್ಕೆ ಬರುವುದಿಲ್ಲ. ಡಬ್ಬಿ ಮನೆಗೆ ತಂದ ಮೇಲೆ ಗೊತ್ತಾದರೆ ವಾಪಸ್ ಮಾಡುವುದು, ಲೈಸೆನ್ಸಿನಲ್ಲಿ ಲೆಕ್ಕ ತಿದ್ದಿಸುವುದು ದೊಡ್ಡ ತಲೆನೋವು. ಕೌಂಟರಿನಲ್ಲೇ ಒಂದು ತೆಗೆದು ನೋಡಿ.

ಜಾಮ್ ಆದಾಗ ಕಿತ್ತು ಎಸೆಯಬೇಡಿ

ರೇಂಜಿನಲ್ಲಿ ಸ್ಲೈಡ್ ನಿಂತಿತು ಅಂದುಕೊಳ್ಳಿ. ಎಲ್ಲರೂ ಮಾಡುವುದು ಒಂದೇ ಕೆಲಸ: ಎಳೆದು, ಅಲ್ಲಾಡಿಸಿ, ಬೀಳಿಸಿ, ಮುಂದಿನದು ಹಾಕುವುದು. ಸಾಕ್ಷಿಯೇ ಹೋಯಿತು. ಟ್ರಿಗರಿಂದ ಬೆರಳು ತೆಗೆದು, ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇಟ್ಟು, ಒಂದು ಕ್ಷಣ ನೋಡಿ. ಪಕ್ಕದವರಿಗೆ ಫೋಟೊ ತೆಗೆಯಲು ಹೇಳಿ. ಹೊರಗೆ ಸಿಕ್ಕಿಕೊಂಡದ್ದು ಹಾರಿದ ಕೇಸೋ ಹೊಸ ತೋಟಾವೋ? ಗುಂಡಿನ ಮೂತಿ ಮೇಲಕ್ಕಿದೆಯೋ ಕೆಳಕ್ಕೋ? ಯಾವ ಮ್ಯಾಗಜಿನ್, ಎಷ್ಟನೆಯ ಈಡು? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಮ್ಯಾಗಜಿನ್‌ಗಳ ತಳಕ್ಕೆ 1, 2 ಅಂತ ಮಾರ್ಕರಿನಲ್ಲಿ ಬರೆಯಿರಿ. ಜಾಮ್ ಎಲ್ಲಾ 2ರಲ್ಲೇ ಆಗುತ್ತಿದ್ದರೆ ಪಿಸ್ತೂಲು ಬಿಚ್ಚುವ ಕೆಲಸವೇ ಇಲ್ಲ.

ತೋಟಾ ಮೇಲೆ ಬರುತ್ತಿಲ್ಲ

.32 ಪಿಸ್ತೂಲು ತೋಟಾವನ್ನು ಜಾನ್ ಬ್ರೌನಿಂಗ್ ರೂಪಿಸಿದ್ದು, 1899ರಲ್ಲಿ ಬಂತು. ಅದರ ಬುಡದ ಅಂಚು ಮೈಗಿಂತ ಒಂಚೂರು ಹೊರಗೆ ಚಾಚಿದೆ. ಉಗುರಿನಿಂದ ಎಳೆದರೆ ಸಿಗುವಷ್ಟು. ಮ್ಯಾಗಜಿನ್‌ನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಅದು ಹಿಂದೆ ಜಾರಿ ಕೂತರೆ, ಸ್ಲೈಡ್ ಮೇಲಿನದನ್ನು ತಳ್ಳಿದಾಗ ಅಂಚಿಗೆ ಅಂಚು ಕಚ್ಚಿಕೊಳ್ಳುತ್ತದೆ. ಕೆಳಗಿನದಕ್ಕೆ ಮುಂದೆ ಮ್ಯಾಗಜಿನ್‌ನ ಗೋಡೆ, ಎಲ್ಲಿಗೂ ಹೋಗುವಂತಿಲ್ಲ. ಮೇಲಿನದೂ ಅಲ್ಲೇ ನಿಂತಿತು. ಇದಕ್ಕೆ ರಿಮ್‌ಲಾಕ್ ಅನ್ನುತ್ತಾರೆ.

ಗುರುತು ಹಿಡಿಯುವುದು ಸುಲಭ. ಮ್ಯಾಗಜಿನ್ ತೆಗೆದು ಮೇಲಿನ ತೋಟಾವನ್ನು ಹೆಬ್ಬೆರಳಿಂದ ಮುಂದಕ್ಕೆ ತಳ್ಳಿ. ಸಲೀಸಾಗಿ ಜಾರಿದರೆ ದೋಷ ಬೇರೆ. ಕಲ್ಲಿನಂತೆ ನಿಂತರೆ ಇದೇ. ಈ ಜಾಮನ್ನು ಅಡಿಯಿಂದ ಬಡಿದು ಸ್ಲೈಡ್ ಎಳೆದು ಬಿಡಿಸಲಾಗುವುದಿಲ್ಲ. ಮ್ಯಾಗಜಿನ್ ತೆಗೆದು, ತೋಟಾಗಳನ್ನು ಒಂದೊಂದಾಗಿ ಮೀಟಿ ಬಿಡಿಸಬೇಕು. ಆತ್ಮರಕ್ಷಣೆಯ ಮಾತಿನಲ್ಲಿ ಇದಕ್ಕಿಂತ ಕೆಟ್ಟ ಜಾಮ್ ಕಡಿಮೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ?

ಕಾರಣ ಸಾಮಾನ್ಯವಾಗಿ ತೋಟಾದ ಉದ್ದ. ಪೂರ್ತಿ ಲೋಹದ ಹೊದಿಕೆಯ, ದುಂಡು ಮೂತಿಯ .32 ಸುಮಾರು 25 ಮಿ.ಮೀ. ಇರುತ್ತದೆ. ತೂತು ಮೂತಿಯ ಹಾಲೋ ಪಾಯಿಂಟ್ ಅದಕ್ಕಿಂತ ಗಿಡ್ಡ. ಮ್ಯಾಗಜಿನ್‌ನಲ್ಲಿ ಮುಂದೆ ಜಾಗ ಉಳಿಯುತ್ತದೆ, ಒಂದು ಈಡಿನ ಹೊಡೆತಕ್ಕೆ ಉಳಿದವು ಹಿಂದೆ ಮುಂದೆ ಜಾರುತ್ತವೆ. ಅಮೆರಿಕದಲ್ಲಿರುವ ನಮ್ಮವರು ಜೇಬಿಗೆ ಅಂತ ಕೆಲ್-ಟೆಕ್ ಪಿ-32 ತರಹದ್ದು ಕೊಂಡು ದುಬಾರಿ ಹಾಲೋ ಪಾಯಿಂಟ್ ತುಂಬುತ್ತಾರೆ. ಆಮೇಲೆ ಜಾಮ್ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಅವರಿಗೆ ನನ್ನ ಮಾತು ಒಂದೇ: ದುಂಡು ಮೂತಿಗೆ ವಾಪಸ್ ಬನ್ನಿ. .32 ಮೊದಲೇ ಹಗುರ ತೋಟಾ, ಗುಂಡಿನ ತೂಕ 71 ಗ್ರೇನ್ ಆಸುಪಾಸು, ಅಂದರೆ ಐದು ಗ್ರಾಂ ಕೂಡ ಇಲ್ಲ. ಅದರಿಂದ ಇನ್ನಷ್ಟು ಪರಿಣಾಮ ಹಿಂಡಲು ಹೋಗಿ ಓಡುವುದನ್ನೇ ನಿಲ್ಲಿಸಿಕೊಳ್ಳುವುದು ಲೆಕ್ಕಕ್ಕೆ ಬರುವ ವ್ಯಾಪಾರ ಅಲ್ಲ. ಒಂದು ವಿನಾಯಿತಿ ಸೀಕ್ಯಾಂಪ್. ಆ ಪುಟ್ಟ .32 ಅನ್ನು ರೂಪಿಸಿದ್ದೇ ವಿಂಚೆಸ್ಟರ್ ಸಿಲ್ವರ್‌ಟಿಪ್ ಅನ್ನುವ ಗಿಡ್ಡ ಹಾಲೋ ಪಾಯಿಂಟ್ ತೋಟಾಕ್ಕೆ. ಅದಕ್ಕೆ ತಯಾರಕರು ಹೇಳಿದ್ದನ್ನೇ ಹಾಕಿ.

ಊರಲ್ಲಿ ನಮಗೆ ಸಿಗುವುದು ಬಹುತೇಕ ದುಂಡು ಮೂತಿಯೇ, ಹಾಗಾಗಿ ಈ ಕಾಟ ಕಡಿಮೆ. ನಮ್ಮ ಕಾಟ ಬೇರೆ: ಹಳೆ ಪಿಸ್ತೂಲಿಗೆ ಅಸಲಿ ಮ್ಯಾಗಜಿನ್ ಸಿಗುವುದಿಲ್ಲ. ಇದ್ದ ಒಂದರ ತುಟಿಯನ್ನು (ತೋಟಾ ಹಿಡಿದಿಡುವ ಮೇಲಿನ ಅಂಚನ್ನು) ಯಾವಾಗಲೋ ಯಾರೋ ಇಕ್ಕಳದಲ್ಲಿ ಬಗ್ಗಿಸಿರುತ್ತಾರೆ. ಡಮ್ಮಿ ತುಂಬಿ ಮೇಲಿಂದ ನೋಡಿ. ಎರಡೂ ತುಟಿ ಸಮ ಇದೆಯಾ? ಮೇಲಿನ ತೋಟಾ ಒಂದು ಪಕ್ಕಕ್ಕೆ ವಾಲಿದೆಯಾ? ಮೂತಿ ಕೆಳಗೆ ಬಾಗಿ ರ‍್ಯಾಂಪಿನ ಬುಡಕ್ಕೆ ಗುದ್ದುತ್ತಿದ್ದರೆ ಮ್ಯಾಗಜಿನ್ ಸ್ಪ್ರಿಂಗ್ ಸೋತಿದೆ, ಅಥವಾ ಒಳಗೆ ತುಕ್ಕು ಹಿಡಿದು ಫಾಲೋವರ್ (ತೋಟಾವನ್ನು ಮೇಲಕ್ಕೆ ಒತ್ತುವ ತಟ್ಟೆ) ತಡವರಿಸುತ್ತಿದೆ. ಕಡೆಯ ಒಂದೆರಡು ತೋಟಾದಲ್ಲಿ ಮಾತ್ರ ಜಾಮ್ ಅಂದರೆ ಸ್ಪ್ರಿಂಗ್ ಮೇಲೆ ಅನುಮಾನ ಜಾಸ್ತಿ.

ಕೋಲ್ಟ್ 1903 ಮತ್ತು ಹಳೆ ಬ್ರೌನಿಂಗ್‌ಗಳಲ್ಲಿ ಮ್ಯಾಗಜಿನ್ ಹಿಡಿಯುವ ಕೊಕ್ಕೆ ಹಿಡಿಯ ಬುಡದಲ್ಲಿದೆ. ಅದು ಸವೆದರೆ ಮ್ಯಾಗಜಿನ್ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಸ್ಲೈಡ್ ತೋಟಾದ ಮೇಲೆ ಹಾದು ಹೋಗುತ್ತದೆ, ಚೇಂಬರ್ ಖಾಲಿ. ಒಳಗೆ ತಳ್ಳಿದ ಮೇಲೆ ಒಮ್ಮೆ ಕೆಳಗೆ ಜಗ್ಗಿ ನೋಡಿ.

ಟಕ್ ಅಂತು, ಈಡಿಲ್ಲ

ಬಾಯಿ ಗುರಿಯ ಕಡೆಗೇ ಇರಲಿ. ಕನಿಷ್ಠ 30 ಸೆಕೆಂಡ್ ಸುಮ್ನೆ ಇರಿ. ತಡವಾಗಿ ಹೊತ್ತಿಕೊಳ್ಳುವ ತೋಟಾ ಅಪರೂಪ, ಆದರೆ ಇದೆ. ಆಮೇಲೆ ತೆಗೆದು ಕೇಪನ್ನು ನೋಡಿ. ಅದೇ ಡಬ್ಬಿಯ ಹಾರಿದ ಒಂದು ಕೇಸನ್ನು ಪಕ್ಕಕ್ಕಿಟ್ಟು ಹೋಲಿಸಿ.

ಗುಳಿ ಎರಡರಲ್ಲೂ ಒಂದೇ ಆಳ ಇದ್ದರೆ ಪಿಸ್ತೂಲು ತನ್ನ ಕೆಲಸ ಮಾಡಿದೆ, ತೋಟಾ ಸತ್ತಿದೆ. ಗುಳಿಯೇ ಇಲ್ಲದಿದ್ದರೆ ಪಿನ್ ಮುರಿದಿರಬಹುದು, ಅಥವಾ ಸ್ಲೈಡ್ ಪೂರ್ತಿ ಮುಂದಕ್ಕೆ ಹೋಗಿ ಕೂತಿರಲಿಲ್ಲ. ಗುಳಿ ಇದೆ, ಆದರೆ ತೇಲಿದೆ ಅಂದರೆ ಪಿನ್‌ನ ದಾರಿಯಲ್ಲಿ ಕೊಳೆ, ಇಲ್ಲವೇ ಸ್ಪ್ರಿಂಗ್ ಸೋತಿದೆ. ಹಳೆಯ ಜೇಬು ಪಿಸ್ತೂಲುಗಳಲ್ಲಿ, ಉದಾಹರಣೆಗೆ ಕೋಲ್ಟ್ ವೆಸ್ಟ್ ಪಾಕೆಟ್‌ನಲ್ಲಿ, ಪಿನ್‌ಗೆ ಬಡಿಯುವ ಹ್ಯಾಮರ್ ಇಲ್ಲ, ಸ್ಪ್ರಿಂಗ್ ಬಲದಲ್ಲಿ ತಾನೇ ಮುನ್ನುಗ್ಗಿ ಬಡಿಯುವ ಸ್ಟ್ರೈಕರ್ ಇದೆ. ಅದನ್ನು ಎಳೆದ ಸ್ಥಿತಿಯಲ್ಲೇ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟಿರುತ್ತಾರೆ. ಸ್ಪ್ರಿಂಗ್ ಸೋಲದೆ ಇನ್ನೇನು?

ಪಿನ್‌ನ ದಾರಿಯ ಕೊಳೆ ನಮ್ಮಲ್ಲಿ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಎರಡು ಉತ್ತರ. ಒಂದು ಆಯುಧ ಪೂಜೆ, ಕೊಡಗಿನಲ್ಲಾದರೆ ಕೈಲ್ ಪೊಳ್ದ್ ಕೂಡ. ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಎಣ್ಣೆ ಹಚ್ಚಿದ ಸ್ಲೈಡಿನ ಮೇಲೆ ಅರಿಶಿನ, ಕುಂಕುಮ ಉದುರಿದರೆ ಎಣ್ಣೆ ಅದನ್ನು ಹೀರಿ ಒಳಗೆ ಒಯ್ಯುತ್ತದೆ. ಸ್ಲೈಡಿನ ಹಿಂದಿನ ಸಣ್ಣ ತೂತಿನ ಸುತ್ತ ಕೆಂಪು ಮೆತ್ತಿದ್ದು ಕಂಡರೆ ಒಳಗೂ ಇದೆ ಅಂತ ಲೆಕ್ಕ. ಒದ್ದೆ ಗಂಧ ಒಣಗಿದ ಕಡೆ ಬ್ಲೂಯಿಂಗ್ (ಲೋಹದ ಮೇಲಿನ ಕಪ್ಪು-ನೀಲಿ ಪದರ) ಕೆಳಗೆ ತುಕ್ಕಿನ ಚುಕ್ಕೆ ಏಳುತ್ತದೆ. ಪಿಸ್ತೂಲನ್ನು ಒಂದು ಬಟ್ಟೆಯಲ್ಲಿ ಸುತ್ತಿ, ಕುಂಕುಮ ಬಟ್ಟೆಗೆ ಇಡಿ. ದೇವರು ತಕರಾರು ಮಾಡುವುದಿಲ್ಲ.

ಎರಡನೆಯದು ಕೊಬ್ಬರಿ ಎಣ್ಣೆ. ಕತ್ತಿಗೆ, ಬಾಗಿಲ ಕೀಲಿಗೆ ಹಚ್ಚುವ ಅಭ್ಯಾಸ ಪಿಸ್ತೂಲಿಗೂ ಬಂದಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಡಿಕೇರಿ, ಚಿಕ್ಕಮಗಳೂರು ಕಡೆ ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುತ್ತದಲ್ಲ, ಅದೇ ಸ್ಥಿತಿ ಪಿನ್‌ನ ಸುತ್ತಲೂ. ಮಧ್ಯಾಹ್ನ ಚೆನ್ನಾಗಿ ಓಡುವ ಪಿಸ್ತೂಲು ಬೆಳಗಿನ ಜಾವ ಟಕ್ ಅನ್ನುತ್ತದೆ ಅಂತ ಯಾರಾದರೂ ಹೇಳಿದರೆ ಮೊದಲು ಎಣ್ಣೆ ಯಾವುದು ಅಂತ ಕೇಳಿ. ಗನ್ ಆಯಿಲ್ ಸಿಗದಿದ್ದರೆ ಹೊಲಿಗೆ ಮಷೀನಿನ ಎಣ್ಣೆ ಸಾಕು, ಅದೂ ಸ್ಲೈಡಿನ ಹಳಿಗೆ ಒಂದೊಂದು ಹನಿ. ಪಿನ್‌ನ ದಾರಿ ಒಣಗಿಯೇ ಇರಲಿ.

ತೋಟಾ ಸಾಯುವುದಕ್ಕೂ ನಮ್ಮ ಹವೆ ಸಾಕು. ಚರ್ಮದ ಬೆಲ್ಟಿನಲ್ಲಿ ಸಿಕ್ಕಿಸಿಟ್ಟರೆ ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ. ಒದ್ದೆ ಎಣ್ಣೆಯ ಪಿಸ್ತೂಲಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಎಣ್ಣೆ ಕೇಪಿನ ಸಂದಿಗೆ ಇಳಿಯಬಹುದು. ಕಿಲುಬು ಹಿಡಿದದ್ದನ್ನು ಉಜ್ಜಿ ಬಳಸುವುದು ಬೇಡ, ಅದನ್ನು ಅಂಗಡಿಗೆ ಕೊಡಿ. ಲೈಸೆನ್ಸಿನ ಕೋಟಾ ಕಡಿಮೆ ಅಂತ ಮನಸ್ಸು ಎಳೆಯುತ್ತದೆ, ಗೊತ್ತು. ಆದರೂ ಪ್ರತಿ ವರ್ಷ ರೇಂಜಿಗೆ ಹಳೆಯವನ್ನು ಒಯ್ದು ಮುಗಿಸಿ, ಮನೆಗೆ ಹೊಸವನ್ನು ಇಡಿ.

.22ರದು ಬೇರೆ ಕತೆ. ಅದಕ್ಕೆ ನಡುವೆ ಕೇಪು ಇಲ್ಲ, ಹೊತ್ತಿಸುವ ಮದ್ದು ಬುಡದ ಅಂಚಿನ ಒಳಗೆ ಸುತ್ತಲೂ ಹರಡಿರಬೇಕು. ಒಂದು ಕಡೆ ತೆಳುವಾಗಿದ್ದು ಪಿನ್ ಅಲ್ಲೇ ಬಡಿದರೆ ಮುಗಿಯಿತು. ರೇಂಜಿನಲ್ಲಿ ಅದೇ ತೋಟಾವನ್ನು ಸ್ವಲ್ಪ ತಿರುಗಿಸಿ ಮತ್ತೆ ಹಾಕಿದಾಗ ಹಾರಿದರೆ ದೋಷ ತೋಟಾದ್ದು. ಬ್ರೌನಿಂಗ್ 1905ರ ಹೊತ್ತಿಗೆ .25 ಅನ್ನು ತಂದದ್ದೇ ಇಂಥ ಕಿರಿಕಿರಿ ಇಲ್ಲದ ಜೇಬು ತೋಟಾಕ್ಕೆ. ಬಲದಲ್ಲಿ .25 ಮತ್ತು .22 ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಆತ್ಮರಕ್ಷಣೆಗೆ ಎರಡರಲ್ಲಿ ಒಂದು ಅಂದರೆ ನಾನು ಯೋಚಿಸದೆ .25 ಅನ್ನುತ್ತೇನೆ. ಅಪ್ಪಂದಿರ ಕಾಲದವರು ರಿವಾಲ್ವರನ್ನೇ ಹಿಡಿದುಕೊಂಡಿದ್ದರಲ್ಲ, ಅವರ ವಾದವೂ ಇದೇ: ಠುಸ್ ಆದರೆ ಮತ್ತೆ ಟ್ರಿಗರ್ ಎಳಿ, ಮುಂದಿನ ತೋಟಾ ಬರುತ್ತದೆ. ಕಾನ್ಪುರದಲ್ಲಿ 2014ರಲ್ಲಿ ಬಿಟ್ಟ 500 ಗ್ರಾಮಿನ ನಿರ್ಭೀಕ್ ಕೂಡ .32 ರಿವಾಲ್ವರೇ.

ಈಡಿನ ಬದಲು ಮಂಕಾದ ಠುಪ್ ಸದ್ದು ಬಂದು, ಕೈಗೆ ಒದೆತ ಸಿಗದಿದ್ದರೆ ಅಲ್ಲೇ ನಿಲ್ಲಿಸಿ. ಗುಂಡು ಬ್ಯಾರಲ್ ನಡುವೆ ಸಿಕ್ಕಿರಬಹುದು. ಮುಂದಿನದು ಹಾರಿಸಿದರೆ ಬ್ಯಾರಲ್ ಉಬ್ಬುತ್ತದೆ ಅಥವಾ ಸೀಳುತ್ತದೆ. ಖಾಲಿ ಮಾಡಿ, ಬ್ಯಾರಲ್ ತೂತಿನಲ್ಲಿ ಬೆಳಕು ಕಾಣುತ್ತದಾ ನೋಡಿ. ಕಾಣದಿದ್ದರೆ ಗನ್‌ಸ್ಮಿತ್ ಹತ್ತಿರ ಹೋಗಿ.

ಖಾಲಿ ಕೇಸ್ ಹೊರಗೆ ಹೋಗುತ್ತಿಲ್ಲ

ಹಳೆಯ .32ಗಳು ಹೆಚ್ಚಿನವು ಬ್ಲೋಬ್ಯಾಕ್. ಬೀಗ ಇಲ್ಲ. ಕೇಸ್ ಹಿಂದಕ್ಕೆ ಒತ್ತುತ್ತದೆ, ಅದೇ ಸ್ಲೈಡನ್ನು ತಳ್ಳುತ್ತದೆ. ತಡೆಯುವುದು ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಬೆರೆಟಾದ ಹಳೆಯ ಬಾಬ್‌ಕ್ಯಾಟ್, ಟಾಮ್‌ಕ್ಯಾಟ್‌ಗಳಲ್ಲಿ ಕೇಸ್ ಎಳೆಯುವ ಕೊಕ್ಕೆಯೇ ಇಲ್ಲ, ಆದರೂ ಓಡುತ್ತವೆ. ಹಾಗಾಗಿ ಹಾರಿದ ಕೇಸ್ ಚೇಂಬರಿನಲ್ಲೇ ಅಂಟಿದರೆ ಕೊಕ್ಕೆಗಿಂತ ಮೊದಲು ಚೇಂಬರನ್ನು ಅನುಮಾನಿಸಿ. ಟಾರ್ಚ್ ಹಾಕಿ ನೋಡಿ. ಮಳೆಗಾಲ ಮುಗಿದ ಮೇಲೆ ತುಕ್ಕಿನ ಉಂಗುರ ಸಿಗುವುದು ಅಲ್ಲೇ.

ಕೇಸ್ ಹೊರಗೆ ಬಂದು ಸ್ಲೈಡಿನ ಕಿಟಕಿಯಲ್ಲಿ ನಿಂತ ಕೊಳವೆಯಂತೆ ಸಿಕ್ಕಿದರೆ ಕೊಕ್ಕೆ ಸವೆದಿದೆಯಾ, ಕೇಸನ್ನು ಹೊರಗೆ ಎಸೆಯುವ ಇಜೆಕ್ಟರ್ ಮುರಿದಿದೆಯಾ ನೋಡಬೇಕು. ಆದರೆ ಅದಕ್ಕೂ ಮುಂಚೆ ಪಿಸ್ತೂಲನ್ನು ರೇಂಜಿನಲ್ಲಿ ಬೇರೆಯವರ ಕೈಗೆ ಕೊಡಿ, ಅದೇ ಮ್ಯಾಗಜಿನ್, ಅದೇ ತೋಟಾ. ಅವರ ಕೈಯಲ್ಲಿ ಓಡಿದರೆ ದೋಷ ನಿಮ್ಮ ಹಿಡಿತದ್ದು. ಇಷ್ಟು ಚಿಕ್ಕ ಹಿಡಿಯಲ್ಲಿ ಹೆಬ್ಬೆರಳು ಸ್ಲೈಡಿಗೆ ಉಜ್ಜುವುದು ತೀರಾ ಸಾಮಾನ್ಯ. ಮಣಿಕಟ್ಟು ಸಡಿಲ ಬಿಟ್ಟರೂ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ.

ಸ್ಲೈಡ್ ಎಳೆಯಲು ಗಟ್ಟಿ ಅಂತ ಅದನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್‌ನ ಒಂದೆರಡು ಸುತ್ತು ಕತ್ತರಿಸಿದವರನ್ನು ಕಂಡಿದ್ದೇನೆ. ಬ್ಲೋಬ್ಯಾಕ್‌ನಲ್ಲಿ ಅದು ಪಿಸ್ತೂಲಿನ ಫ್ರೇಮನ್ನು ನಾವೇ ಒಡೆದುಕೊಳ್ಳುವ ದಾರಿ. ಹಳೆ ವೆಬ್ಲಿಯಲ್ಲಿ ಸುರುಳಿ ಸ್ಪ್ರಿಂಗ್ ಹುಡುಕಬೇಡಿ. ಬಲಗಡೆ ಹಿಡಿಯ ಪಟ್ಟಿಯ ಕೆಳಗೆ ಇಂಗ್ಲಿಷಿನ ವಿ ಆಕಾರದ ಪಟ್ಟಿ ಸ್ಪ್ರಿಂಗ್ ಇದೆ. ಅದು ಮುರಿದರೆ ಸಿಗುವುದು ಕಷ್ಟ, ಸುಮ್ನೆ ಬಿಚ್ಚಬೇಡಿ.

ಜೇಬಿನಲ್ಲಿ ಒಯ್ಯುವವರು ಆ ಜೇಬಲ್ಲಿ ಬೇರೆ ಏನನ್ನೂ ಇಡಬಾರದು. ಬಟ್ಟೆಯ ನಾರು, ಅಡಿಕೆ ಚೂರು, ಚಿಲ್ಲರೆ. ಅಡಿಕೆಯ ಪುಡಿ ಬೆವರಿಗೆ ಸೇರಿ ಹಳಿಯಲ್ಲಿ ಹಿಡಿದರೆ ಬಿಡಿಸುವುದು ಸಾಕುಸಾಕಾಗುತ್ತದೆ.

ಚುನಾವಣೆಯಿಂದ ವಾಪಸ್ ಬಂದ ಪಿಸ್ತೂಲು

ಚುನಾವಣೆ ಬಂತು ಅಂದರೆ ಠಾಣೆಗೋ ಡೀಲರ್ ಹತ್ತಿರವೋ ಸಾಮಾನ್ಯವಾಗಿ ಡಿಪಾಸಿಟ್ ಮಾಡಿಸುತ್ತಾರೆ. ತಿಂಗಳುಗಳ ನಂತರ ಬರುತ್ತದೆ. ಬಂದ ದಿನವೇ ತೋಟಾ ತುಂಬಿ ದಿಂಬಿನ ಪಕ್ಕ ಇಡುವವರಿದ್ದಾರೆ. ಮಾಡಬೇಡಿ. ಬಿಚ್ಚಿ, ಚೇಂಬರ್, ಬ್ಯಾರಲ್, ಮ್ಯಾಗಜಿನ್‌ನ ಒಳಗೋಡೆ ನೋಡಿ. ಹಳೆ ಎಣ್ಣೆ ಗೋಂದಾಗಿರುತ್ತದೆ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹೊಸದು ಹಚ್ಚಿ. ಡಮ್ಮಿ ಹಾಕಿ ಕೈಯಲ್ಲೇ ಓಡಿಸಿ. ಸ್ಲೈಡನ್ನು ಪೂರ್ತಿ ಎಳೆದು ಒಮ್ಮೆಲೇ ಬಿಡಿ. ಕೈ ಹಿಡಿದುಕೊಂಡೇ ನಿಧಾನವಾಗಿ ಮುಂದಕ್ಕೆ ಬಿಟ್ಟರೆ ಒಳ್ಳೆಯ ಪಿಸ್ತೂಲೂ ಮುಚ್ಚುವುದಿಲ್ಲ.

ಕೊಡುವಾಗಲೇ ಸ್ವಲ್ಪ ಎಚ್ಚರ ಇದ್ದರೆ ಈ ಕೆಲಸ ಕಡಿಮೆ. ಸ್ಟ್ರೈಕರ್ ಇಳಿಸಿ, ತೆಳ್ಳಗೆ ಎಣ್ಣೆ ಹಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ. ಚರ್ಮದ ಹೋಲ್ಸ್ಟರಿನಲ್ಲಿ ಬೇಡ, ಅದು ತೇವ ಹಿಡಿಯುತ್ತದೆ.

ಇವು ಕಂಡರೆ ಮನೆಯಲ್ಲಿ ಮುಟ್ಟಬೇಡಿ

ಒಂದು ಟ್ರಿಗರಿಗೆ ಎರಡು ಈಡು ಹಾರಿದರೆ. ಸೇಫ್ಟಿ ಹಾಕಿದ ಮೇಲೂ ಟ್ರಿಗರ್ ಬಿಡುಗಡೆಯಾದರೆ. ಕೇಸ್ ಒಂದು ಪಕ್ಕ ಉಬ್ಬಿ ಬಂದರೆ. ಫ್ರೇಮಿನಲ್ಲಿ ಕೂದಲಿನಂಥ ಬಿರುಕು ಕಂಡರೆ. ಟಾಮ್‌ಕ್ಯಾಟ್ ಇದ್ದವರು ಜೋರಾದ ತೋಟಾ ಹಾಕುವ ಮುಂಚೆ ಕೈಪಿಡಿ ಓದಿ, ಬೆರೆಟಾ ಅದಕ್ಕೆ ಮಿತಿ ಹಾಕಿದೆ.

ಒಂದೇ ತೋಟಾವನ್ನು ದಿನಾ ಚೇಂಬರಿಗೆ ಹಾಕಿ ತೆಗೆಯುವುದೂ ಅಪಾಯ. ಪ್ರತಿ ಸಲ ರ‍್ಯಾಂಪಿಗೆ ಬಡಿದು ಗುಂಡು ಕೇಸಿನ ಒಳಕ್ಕೆ ಇಳಿಯುತ್ತದೆ, ಒತ್ತಡ ಏರುತ್ತದೆ. ಹೊಸದರ ಪಕ್ಕ ನಿಲ್ಲಿಸಿ ನೋಡಿ. ಗಿಡ್ಡ ಕಂಡರೆ ಬೇಡ. ನೂರು ವರ್ಷದ ಹಿಂದಿನ ಜೇಬು ಪಿಸ್ತೂಲುಗಳಲ್ಲಿ ಕೆಳಗೆ ಬಿದ್ದರೆ ಪಿನ್ ತಡೆಯುವ ವ್ಯವಸ್ಥೆ ಇಲ್ಲ. ಅವನ್ನು ಚೇಂಬರ್ ಖಾಲಿ ಇಟ್ಟೇ ಒಯ್ಯಿರಿ.

ನಂಬಬಹುದಾ, ಹೇಗೆ ಗೊತ್ತಾಗುತ್ತದೆ

ಅಮೆರಿಕದವರು ಇನ್ನೂರು ಈಡು ಜಾಮ್ ಇಲ್ಲದೆ ಹೋದರೆ ನಂಬು ಅನ್ನುತ್ತಾರೆ. ನಮ್ಮ ಕೋಟಾದಲ್ಲಿ, ನಮ್ಮ ತೋಟಾ ಬೆಲೆಯಲ್ಲಿ ಅದು ಆಗುವ ಮಾತಲ್ಲ. ನನ್ನ ಅಳತೆ ಇಷ್ಟು: ಮನೆಗೆ ಇಡುವ ಅದೇ ತೋಟಾ, ಪ್ರತಿ ಮ್ಯಾಗಜಿನ್ ಪೂರ್ತಿ ತುಂಬಿ ಎರಡು ಸಲ, ಒಮ್ಮೆ ಎರಡು ಕೈಯಲ್ಲಿ, ಒಮ್ಮೆ ಒಂದೇ ಕೈಯಲ್ಲಿ. ಒಂದೂ ನಿಲ್ಲಬಾರದು. ನಿಂತರೆ ಕಾರಣ ಹುಡುಕಿ, ಸರಿಮಾಡಿ, ಮತ್ತೆ ಮೊದಲಿನಿಂದ. ಡಮ್ಮಿಯಲ್ಲಿ ಎಷ್ಟು ಸಲ ಬೇಕಾದರೂ ಓಡಿಸಿ, ಅದಕ್ಕೆ ದುಡ್ಡಿಲ್ಲ.

ಇಷ್ಟಾದರೂ ನಿಲ್ಲುತ್ತಿದ್ದರೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಪಿಸ್ತೂಲೊಂದನ್ನೇ ಒಯ್ಯಬೇಡಿ. ಎಲ್ಲಾ ಮ್ಯಾಗಜಿನ್, ಠುಸ್ ಆದ ತೋಟಾ, ಹಾರಿದ ಐದಾರು ಕೇಸ್, ಜಾಮ್‌ನ ಫೋಟೊ, ಅಸಲಿ ಲೈಸೆನ್ಸ್. ಸ್ಮೂತ್ ಮಾಡಿಕೊಡಿ ಅನ್ನಬೇಡಿ, ಯಾವ ಮ್ಯಾಗಜಿನ್‌ನಲ್ಲಿ ಎಷ್ಟನೆಯ ಈಡಿಗೆ ಏನಾಯಿತು ಅಂತ ಹೇಳಿ. ಬಿಟ್ಟು ಬರುವುದಾದರೆ ಪಿಸ್ತೂಲಿನ ನಂಬರ್ ಬರೆದ ರಸೀದಿ ಕೈಯಲ್ಲಿ ಹಿಡಿದೇ ಹೊರಡಿ.